ಅರ್ಧ ಮುಳುಗಿದ ನೊಣದ ಪರವಾಗಿ

ಟ್ರೌಟ್ ಮೀನು ಹಿಡಿಯೋಕೆ ಗಾಳಕ್ಕೆ ದಾರ, ಗರಿ ಸುತ್ತಿ ಕಟ್ಟುವ ಹುಸಿ ನೊಣಗಳ ಫೋಟೊ ಹಾಕಿದಾಗೆಲ್ಲ ಜನ ಮೆಚ್ಚೋದು ರೆಕ್ಕೆ ಬಿಚ್ಚಿ ನೀರಿನ ಮೇಲೆ ನೆಟ್ಟಗೆ ನಿಲ್ಲುವಂಥವನ್ನ. ಸಂಜೆ ಮೀನು ಮೇವಿಗೆ ಎದ್ದಾಗ ನಾನು ನಂಬೋದು ನೋಡೋಕೆ ಏನೇನೂ ಇಲ್ಲದ ಎಮರ್ಜರನ್ನ, ಅಂದರೆ ನೀರಿಂದ ಅರ್ಧ ಹೊರಬಂದ ಹುಳದಂತೆ ಕಟ್ಟಿದ ನೊಣವನ್ನ. ಅದೂ 18ರಿಂದ 22ನೇ ನಂಬರಿನ ಗಾಳಕ್ಕೆ ಕಟ್ಟಿದ್ದು. (ನಂಬರು ಏರಿದಷ್ಟೂ ಗಾಳ ಸಣ್ಣದು.)

ಮೇಫ್ಲೈ, ಮಿಡ್ಜ್‌ನಂಥ ಹುಳಗಳು ಮರಿಯಾಗಿದ್ದಾಗ ನೀರೊಳಗೇ ಬದುಕುತ್ತವೆ. ಬಲಿತ ಮೇಲೆ ಹೆಚ್ಚಿನವು ಎದ್ದು ಬಂದು, ನೀರಿನ ಮೇಲ್ಪೊರೆಗೆ ಅಂಟಿಕೊಂಡೇ ಹಳೇ ಸಿಪ್ಪೆ ಸೀಳಿ ಹೊರಬರಬೇಕು. ಎಳ್ಳಿನಷ್ಟು ಹುಳಕ್ಕೆ ಆ ಪೊರೆ ದಾಟೋದು ಸಣ್ಣ ಕೆಲಸವಲ್ಲ. ಅಷ್ಟು ಹೊತ್ತು ಈಜೋಕೂ ಆಗಲ್ಲ, ಹಾರೋಕೂ ಆಗಲ್ಲ. ಓಡಿಹೋಗದ ತುತ್ತು ಸಿಗುವಾಗ ಟ್ರೌಟ್ ಯಾಕೆ ಸುಮ್ಮನೆ ಬಿಟ್ಟೀತು?

ಮುನಿರಾಬಾದಿನಲ್ಲಿ ಕೂತು ಟ್ರೌಟ್ ಮಾತಾಡ್ತಾನೆ ಅಂತ ನಗೋರು ನಗ್ರಿ. ಅದು ತಣ್ಣೀರಿನ ಮೀನು, ನೀರು 20 ಡಿಗ್ರಿ ದಾಟಿದರೆ ಒದ್ದಾಡುತ್ತೆ. ನಮ್ಮ ತುಂಗಭದ್ರಾ ಡ್ಯಾಮಿನ ನೀರಲ್ಲಿ ಅದಕ್ಕೆ ಬಾಳಿಲ್ಲ. ಬೇಕಾದರೆ ಕಾಶ್ಮೀರದಂಥ ಕಡೆ ಹೋಗಬೇಕು, ಪರ್ಮಿಟ್ ತಗೋಬೇಕು. ಅಲ್ಲಿಯದೂ ಬ್ರಿಟಿಷರ ಕಾಲದಲ್ಲಿ ಹೊರಗಿಂದ ತಂದು ಬಿಟ್ಟ ಮೀನೇ. ಆದರೆ ಕಟ್ಟೋಕೆ ಚಳಿ ನಾಡೇ ಬೇಕಂತೇನಿಲ್ಲ. ಏಪ್ರಿಲ್ ಬಿಸಿಲಲ್ಲಿ ಹೊರಗೆ ಕಾಲಿಡೋಕಾಗದಾಗ ಇದಕ್ಕಿಂತ ಒಳ್ಳೇ ಕೆಲಸ ಯಾವುದಿದೆ?

ಮುಖ್ಯ ಸಾಮಾನು ಸಿ.ಡಿ.ಸಿ. (CDC), ಅಂದರೆ ಬಾತುಕೋಳಿಯ ಬಾಲದ ಬುಡದಲ್ಲಿ ಎಣ್ಣೆ ಗ್ರಂಥಿಯ ಸುತ್ತ ಇರುವ ಮೆತ್ತನೆ ಗರಿ. ಪೇಟೆಯಲ್ಲಿ ಪೊಟ್ಟಣಕ್ಕೆ ಸಿಕ್ಕಾಪಟ್ಟೆ ದುಡ್ಡು. ಗಂಗಾವತಿ ಕಡೆ ಭತ್ತ ಕೊಯ್ದ ಗದ್ದೆಗೆ ಬಾತುಕೋಳಿ ಹಿಂಡು ಹೊಡ್ಕೊಂಡು ಬರ್ತಾರಲ್ಲ, ಅವರ ಹತ್ತಿರ ಕೇಳಿದರೆ ಕೊಯ್ದ ಹಕ್ಕಿಯದ್ದು ಹಾಗೇ ಕೊಡ್ತಾರೆ. ಇದು ತೇಲೋದು ಎಣ್ಣೆಯಿಂದ ಮಾತ್ರ ಅಲ್ಲ, ಸಣ್ಣ ಎಳೆಗಳ ನಡುವೆ ಗಾಳಿ ಹಿಡಿದಿಟ್ಟುಕೊಳ್ಳುತ್ತೆ. ಅದಕ್ಕೇ ತೇಲಿಸುವ ಜೆಲ್ ಇದಕ್ಕೆ ಬಳಿಯಬೇಡಿ, ಎಳೆ ಅಂಟಿಕೊಂಡು ಗಾಳಿಗೆ ಜಾಗವೇ ಇರಲ್ಲ. ನೆನೆದರೆ ತೊಳೆದು, ಬಟ್ಟೆಯಲ್ಲಿ ಒತ್ತಿ, ಊದಿದರೆ ಸಾಕು.

ಕಟ್ಟೋದು ನೋಡಿ ಪಕ್ಕದ ಮನೆ ಅಕ್ಕ ಕೇಳಿದ್ದು: "ತಮ್ಮಾ, ಗುಂಗಾಡಿಗೆ ಅಂಗಿ ಹೊಲಿಯಾಕ ಹತ್ತೀಯೇನು?"

"ಹೂಂನಕ್ಕ, ತೋಳಿಲ್ಲದ ಅಂಗಿ."

ತಮಾಷೆಗೆ ಹೇಳಿದ್ದಾದರೂ ಮಾತು ನಿಜ. ಬಾಗಿದ ಗಾಳ, ಮೈಗೆ ಬರೀ ದಾರ, ಎದೆ ಹತ್ತಿರ ಚಿಟಿಕೆ ಮೊಲದ ತುಪ್ಪಳ, ಕಳಚದ ಸಿಪ್ಪೆಯಂತೆ ಹಿಂದೆ ನಾಲ್ಕು ಎಳೆ, ಮೇಲೊಂದು ಗರಿ. ಮುಗೀತು. ಡಚ್ಚರ ಹಾನ್ಸ್ ವಾನ್ ಕ್ಲಿಂಕೆನ್ 1980ರ ದಶಕದಲ್ಲಿ ರೂಪಿಸಿದ ಕ್ಲಿಂಕ್‌ಹಾಮರ್ ಅನ್ನೋ ಎಮರ್ಜರ್ ಬಗ್ಗೆ ನನಗೂ ಗೌರವವಿದೆ. ಮೈಯನ್ನು ನೀರೊಳಗೆ ಇಳಿಬಿಟ್ಟು ತಲೆಯನ್ನಷ್ಟೇ ತೇಲಿಸುವ ಆ ಉಪಾಯ ದೊಡ್ಡದು. ಆದರೆ ರೆಕ್ಕೆಯ ಬುಡಕ್ಕೆ ಗರಿ ಸುತ್ತುವ ಆ ಕಟ್ಟನ್ನು 20ನೇ ನಂಬರಿಗೂ ಮಾಡಹೊರಟರೆ ನೊಣ ಉಂಡೆಯಾಗುತ್ತೆ. ಸಣ್ಣದರಲ್ಲಿ ಸುತ್ತು ಬಿಡಿ, ಉಪಾಯ ಇಟ್ಟುಕೊಳ್ಳಿ. ಬಣ್ಣದ ಚರ್ಚೆ ಗಂಟೆಗಟ್ಟಲೆ ನಡೆಸೋರಿದ್ದಾರೆ. ನನ್ನ ಪ್ರಕಾರ ಮೊದಲು ನೀರಲ್ಲಿ ಕೂರುವ ಭಂಗಿ, ಆಮೇಲೆ ಅಳತೆ, ಬಣ್ಣ ಕೊನೆಗೆ.

ಯಾವಾಗ ಹಾಕಬೇಕು ಅನ್ನೋದನ್ನ ಮೀನೇ ಹೇಳುತ್ತೆ. ಮೂತಿ ಮೇಲೆ ಬಂದು ನೀರಲ್ಲಿ ಗುಳ್ಳೆ ಉಳಿದರೆ ಮೇಲಿನ ನೊಣ ತಿಂದಿದೆ. ಮೂತಿ ಕಾಣದೆ ಬೆನ್ನು, ಬಾಲ ಮಾತ್ರ ಹೊರಳಿ, ಗುಳ್ಳೆ ಇಲ್ಲದಿದ್ದರೆ ಅದು ಪೊರೆಯ ಕೆಳಗೇ ಮೇಯ್ತಿದೆ. ಆಗ 6ಎಕ್ಸ್ ಇಲ್ಲವೇ 7ಎಕ್ಸ್ ಅನ್ನೋ ತೀರಾ ತೆಳು ದಾರದ ತುದಿಗೆ ಎಮರ್ಜರ್ ಕಟ್ಟಿ, ಮೀನಿಗಿಂತ ಮೇಲುಗಡೆ ಬಿಟ್ಟು, ಹರಿವಿನ ಜೊತೆ ತಾನಾಗಿ ಬರಲು ಬಿಡಬೇಕು. ದಾರ ಸ್ವಲ್ಪ ಎಳೆದರೂ ಟ್ರೌಟ್ ಮುಖ ತಿರುಗಿಸುತ್ತೆ. ಕಚ್ಚಿದಾಗ ನಮ್ಮ ಕಾಲುವೆಯಲ್ಲಿ ಎರೆಹುಳು ಗಾಳ ಜಗ್ಗಿದಂಗೆ ಜಗ್ಗಬೇಡ್ರಿ. ಅಷ್ಟು ಸಣ್ಣ ದಾರ ತಡೆಯಲ್ಲ. ಕೋಲನ್ನು ಮೆಲ್ಲಗೆ ಎತ್ತಿದರೆ ಸಾಕು, ಗಾಳ ತಾನೇ ನೆಡುತ್ತೆ.