ಕೂಸಿಲ್ಲ, ಕುಲಾವಿ 369

ಬೆಂಗಳೂರಿಗೆ ಈಗ 369 ವಾರ್ಡು. ಸಂತೋಷ. 2015ರಲ್ಲಿ ಪಾಲಿಕೆಗೆ ಓಟು ಹಾಕಿದಾಗ 198 ಇದ್ದವು. ಬಿಜೆಪಿಯವರು 243 ಮಾಡಿದರು. ಕಾಂಗ್ರೆಸ್ಸಿನವರು ಬಂದು 225 ಮಾಡಿದರು. ಆಮೇಲೆ ಪಾಲಿಕೆಯನ್ನೇ ಐದು ಹೋಳು ಮಾಡಿ 369ಕ್ಕೆ ತಂದರು. ದರ್ಜಿ ಬದಲಾದಾಗಲೆಲ್ಲ ಹೊಸ ಅಳತೆ, ಅಂಗಿ ಮಾತ್ರ ಹೊಲಿದಿಲ್ಲ. ಕೊನೆಯ ಕಾರ್ಪೊರೇಟರುಗಳು ಮನೆಗೆ ಹೋಗಿದ್ದು 2020ರ ಸೆಪ್ಟೆಂಬರಿನಲ್ಲಿ. ನಮ್ಮ ಬೀದಿಯ ಫ್ಲೆಕ್ಸಿನಲ್ಲಿ ಒಬ್ಬರು ಅಂದಿನಿಂದಲೂ ‘ಭಾವಿ ಕಾರ್ಪೊರೇಟರ್’ ಅಂತ ಕೈಮುಗಿದು ನಿಂತಿದ್ದಾರೆ. ಫೋಟೋದಲ್ಲಿ ಮೀಸೆ ಇನ್ನೂ ಕಪ್ಪು.

ಚುನಾವಣೆ ಇಲ್ಲ ಅಂತ ಮಧ್ಯಮ ವರ್ಗದ ನಾವೇನೂ ಸುಮ್ನೆ ಕೂತಿಲ್ಲ. ನಮಗೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಇದೆ. ಹೋದ ತಿಂಗಳು ಅಲ್ಲಿ ಎರಡು ಬಣ: ಲಿಫ್ಟಿನಲ್ಲಿ ನಾಯಿ ಬರಬಹುದು ಅನ್ನೋರು, ಬರಬಾರದು ಅನ್ನೋರು. ‘ಬರಬಾರದು’ ಬಣದ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು ಸ್ಟೀಲ್ ಡಬ್ಬಿಯಲ್ಲಿ ಕೇಸರಿಬಾತ್ ಹಿಡಿದು ಬಂದರು.

“ಏನ್ ಸಾರ್, ನಿಮ್ಮ ಓಟು ನಮಗೇ ಅಲ್ವಾ?”

“ನಮ್ಮನೇಲಿ ನಾಯಿ ಇಲ್ವಲ್ಲ ಸಾರ್.”

“ಅದಕ್ಕೇ ಬಂದಿದ್ದು!”

120 ಫ್ಲಾಟು, 112 ಓಟು. ಅಮೆರಿಕದಲ್ಲಿರೋ ಓನರುಗಳೂ ಪ್ರಾಕ್ಸಿ ಕಳಿಸಿದ್ದರು. ಎಣಿಕೆ ಎರಡು ಸಲ ಆಯಿತು. ಕೇಸರಿಬಾತ್ ಬಣ ನಾಲ್ಕು ಓಟಲ್ಲಿ ಸೋತಿತು. ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ, ಕೇಳೋಕೂ ಬಂದಿಲ್ಲ.

ಇದೇ ಜನ 2024ರ ಏಪ್ರಿಲ್ 26ರಂದು ಲೋಕಸಭೆಗೆ ಓಟು ಹಾಕಬೇಕಿತ್ತು. ಶುಕ್ರವಾರ, ರಜೆ. ಗುರುವಾರ ರಾತ್ರಿಯೇ ನಮ್ಮ ಪಾರ್ಕಿಂಗ್ ಅರ್ಧ ಖಾಲಿ, ಕಾರುಗಳೆಲ್ಲ ಮಡಿಕೇರಿಗೆ. ಬೆರಳಿನ ಶಾಯಿ ತೋರಿಸಿದರೆ ಬೆಣ್ಣೆ ದೋಸೆ ಪುಕ್ಕಟೆ ಅಂತ ಹೋಟೆಲಿನವರು ಕರೆದರೂ ಬೆಂಗಳೂರು ದಕ್ಷಿಣದ ಮತದಾನ 53 ಪರ್ಸೆಂಟಿನ ಆಸುಪಾಸಿಗೇ ನಿಂತಿತು. ಆಸ್ತಿ ತೆರಿಗೆ ಮಾತ್ರ ಮರೆಯಲ್ಲ ನಾವು. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ ಇದೆಯಲ್ಲ!

ಆ ದುಡ್ಡಿನ ಲೆಕ್ಕ ಯಾರನ್ನ ಕೇಳೋದು? ಅಧಿಕಾರಿಗೆ ನಮ್ಮ ಓಟು ಬೇಕಿಲ್ಲ. ಶಾಸಕರಿಗೆ ಕಾರ್ಪೊರೇಟರ್ ಅನ್ನೋ ಪಾಲುದಾರ ಬೇಕಿಲ್ಲ. ಎಲ್ಲದಕ್ಕೂ ಕಿತ್ತಾಡೋ ಪಕ್ಷಗಳಿಗೆ ಇದೊಂದರಲ್ಲಿ ಎಷ್ಟು ಒಗ್ಗಟ್ಟು ನೋಡಿ. ನಮಗಾದರೋ ಟ್ಯಾಂಕರಿದೆ, ಜನರೇಟರಿದೆ, ಗೇಟಿದೆ. ಮಳೆ ಬಂದಾಗ ಚರಂಡಿ ನೀರು ನುಗ್ಗೋದು ಕೆಳಗಿನ ಬೀದಿಯ ವಠಾರಕ್ಕೆ. ಅಲ್ಲಿನವರಿಗೆ ಇದ್ದಿದ್ದೇ ಕಾರ್ಪೊರೇಟರ್ ಒಬ್ಬ. ಕೆಟ್ಟವನೋ ಒಳ್ಳೆಯವನೋ, ಬೆಳಿಗ್ಗೆ ಆರಕ್ಕೆ ಅವನ ಮನೆ ಮುಂದೆ ನಿಂತು ಬೈಯಬಹುದಿತ್ತು. ಅದನ್ನೂ ಕಿತ್ತುಕೊಂಡರು.

ಈಗ ಅವರು ಫ್ಲೆಕ್ಸಿನ ಕೆಳಗಿರೋ ನಂಬರಿಗೆ ಫೋನ್ ಮಾಡುತ್ತಾರೆ. ಆತ ಎತ್ತುವುದಿಲ್ಲ. ಪಾಪ, ಇನ್ನೂ ಭಾವಿ.