ಸಾಲಾವಳಿ ಕೂಡದ ಮಸ್ಟಾಂಗ್

ಹಳೆಯ ಅಮೆರಿಕನ್ ಕಾರು ಕೊಳ್ಳಲು ಹೋದವರು ಮೊದಲು ನೋಡುವುದು ಬಣ್ಣ. ನೋಡಬೇಕಾದದ್ದು ಜಾತಕ. 1965ರ ಫೋರ್ಡ್ ಮಸ್ಟಾಂಗ್ ಜಾತಕ ಚಾಲಕನ ಬಾಗಿಲಿನ ಅಂಚಿಗೆ ರಿವೆಟ್ ಹೊಡೆದ ಪುಟ್ಟ ತಗಡಿನ ಮೇಲಿರುತ್ತದೆ. ಮೈಕಟ್ಟು, ಬಣ್ಣ, ಸೀಟಿನ ಹೊದಿಕೆ, ತಯಾರಾದ ದಿನ, ಗೇರ್‌ಬಾಕ್ಸ್, ಆಕ್ಸಲ್ ಎಲ್ಲಕ್ಕೂ ಒಂದೊಂದು ಗುಟ್ಟಿನ ಅಕ್ಷರ. ತೊಂದರೆ ಏನೆಂದರೆ, ಬಾಗಿಲು ಕಳಚಿ ಬರುವ ವಸ್ತು. ಅರವತ್ತು ವರ್ಷಗಳಲ್ಲಿ ಯಾವನೋ ಪುಣ್ಯಾತ್ಮ ಗುದ್ದಿಸಿಕೊಂಡು, ಗುಜರಿಯಿಂದ ಬೇರೆ ಬಾಗಿಲು ತಂದು ಕೂರಿಸಿದ್ದರೆ ನೀವು ಭಕ್ತಿಯಿಂದ ಓದುತ್ತಿರುವುದು ಪಕ್ಕದ ಮನೆ ಹುಡುಗನ ಜಾತಕ. ಸಾಲದ್ದಕ್ಕೆ ಹೊಸ ತಗಡನ್ನು ಬೇಕಾದ ಅಕ್ಷರ ಹೊಡೆಸಿಯೇ ಮಾರುತ್ತಾರೆ. ಹಾಗಾಗಿ ಬಾನೆಟ್ಟು ಎತ್ತಿ, ಎಡಗಡೆಯ ಒಳ ಮಡ್‌ಗಾರ್ಡಿನ ಮೇಲಂಚಿನಲ್ಲಿ ಕೊರೆದ ಕಾರಿನ ಸಂಖ್ಯೆಯನ್ನು ಓದಿ, ತಗಡಿನಲ್ಲಿರುವ ಸಂಖ್ಯೆಗೆ ತಾಳೆ ನೋಡಬೇಕು.

ಅಲ್ಲಿ 5ಆರ್07ಟಿ ಎಂದು ಶುರುವಾದರೆ ಅರ್ಥ ಇಷ್ಟು: 1965ರ ಮಾದರಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಾರ್ಖಾನೆ, ಹಾರ್ಡ್‌ಟಾಪ್, 200 ಘನ ಅಂಗುಲದ ಆರು ಸಿಲಿಂಡರ್ ಎಂಜಿನ್. (ಆರ್ ಬದಲು ಎಫ್ ಇದ್ದರೆ ಮಿಷಿಗನ್ನಿನ ಡಿಯರ್‌ಬಾರ್ನ್. ಕಾರ್ಖಾನೆಯ ಜಾಗದಲ್ಲಿ ಟಿ ಇದ್ದರೆ ನ್ಯೂಜೆರ್ಸಿಯ ಮೆಟುಚೆನ್. ಎಂಜಿನ್ನಿನ ಜಾಗದ ಟಿ ಬೇರೆ. ಈ ಗೊಂದಲ ಫೋರ್ಡ್‌ನವರದ್ದು.) ಇಷ್ಟು ಓದಿ ಕಣ್ಣು ಕೆಳಗಿಳಿಸಿದರೆ ಎದುರಿಗೆ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂತಿರುತ್ತದೆ! ಮಾರುವವರು "ಒರಿಜಿನಲ್ ಸಾರ್" ಎನ್ನುತ್ತಾರೆ. ಮಾತಾಡಬೇಡಿ, ಚಕ್ರದ ನಟ್ಟು ಎಣಿಸಿ. ಆರು ಸಿಲಿಂಡರಿನ ಮಸ್ಟಾಂಗ್‌ಗೆ ಕಾರ್ಖಾನೆ ಕೊಟ್ಟದ್ದು ನಾಲ್ಕು, ವಿ8ಕ್ಕೆ ಐದು. ನಾಲ್ಕೇ ನಟ್ಟಿನ ಮೇಲೆ ವಿ8 ಕೂತಿದ್ದರೆ ಅದು ಒರಿಜಿನಲ್ ಅಲ್ಲ ಅನ್ನುವುದು ಆಮೇಲಿನ ಮಾತು. ಮೊದಲು ಆರು ಸಿಲಿಂಡರಿನ ಕಾರಿಗೆಂದು ಮಾಡಿದ ಬ್ರೇಕನ್ನು ನೆನೆದು ಹೆದರಿ.

ಇನ್ನು ಸಾಲಾವಳಿ. "ಮ್ಯಾಚಿಂಗ್ ನಂಬರ್ಸ್" (ಕಾರಿನ ಸಂಖ್ಯೆಗೂ ಎಂಜಿನ್ನಿನ ಸಂಖ್ಯೆಗೂ ತಾಳೆ) ಎಂಬ ಮಂತ್ರ ಪಠಿಸುವವರಿಗೆ ಒಂದು ಕಹಿಸುದ್ದಿ: 1965ರ ಮಸ್ಟಾಂಗ್‌ಗಳಲ್ಲಿ ಎಂಜಿನ್ ಬ್ಲಾಕಿನ, ಅಂದರೆ ಎಂಜಿನ್ನಿನ ಎರಕದ ಮೈಯ ಮೇಲೆ ಕಾರಿನ ಸಂಖ್ಯೆ ಕೊರೆಯುತ್ತಿದ್ದದ್ದು 271 ಅಶ್ವಶಕ್ತಿಯ ಕೆ-ಕೋಡ್ (ಸಂಖ್ಯೆಯಲ್ಲಿ ಎಂಜಿನ್ನಿನ ಜಾಗಕ್ಕೆ ಕೆ ಇರುವ) ಎಂಜಿನ್ನಿಗೆ ಮಾತ್ರ. ಉಳಿದವಕ್ಕೆ ನಂಬರೇ ಇಲ್ಲ, ಮ್ಯಾಚ್ ಆಗುವುದೇನು ಬಂತು? ಅವುಗಳಲ್ಲಿ ನೋಡಬೇಕಾದದ್ದು ಎರಕದ ತಾರೀಖು. 5ಎ12 ಎಂದರೆ 1965ರ ಜನವರಿ 12. ಎ ಜನವರಿ, ಬಿ ಫೆಬ್ರವರಿ, ಹೀಗೆ ಆಗಸ್ಟಿನ ಎಚ್‌ವರೆಗೆ ಸರಾಗ. 1 ಎಂಬ ಅಂಕಿಯ ಹಾಗೆ ಕಾಣುತ್ತದೆಂದು ಐ ಅಕ್ಷರ ಬಿಟ್ಟಿದ್ದಾರೆ, ಹಾಗಾಗಿ ಸೆಪ್ಟೆಂಬರ್ ಜೆ, ಡಿಸೆಂಬರ್ ಎಂ. ಬೆರಳೆಣಿಸುವವರು ಇಲ್ಲಿ ಒಂದು ತಿಂಗಳು ಎಡವುತ್ತಾರೆ. ಎರಕವಾದ ಬ್ಲಾಕು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಕಾರಿನೊಳಗೆ ಕೂತಿರಬೇಕು. ಜನವರಿಯಲ್ಲಿ ತಯಾರಾದ ಕಾರಿನಲ್ಲಿ ಮಾರ್ಚ್ ತಿಂಗಳ ಎಂಜಿನ್ ಸಿಕ್ಕರೆ, ಹುಟ್ಟುವ ಮೊದಲೇ ಮಗ ಅಪ್ಪನ ಮದುವೆಯಲ್ಲಿ ಊಟಕ್ಕೆ ಕೂತಂತೆ.

ಬ್ಲಾಕಿನ ಮೇಲಿನ ಬಿಡಿಭಾಗ ಸಂಖ್ಯೆ ಇನ್ನೊಂದು ಮೋಜು. ಸಿ5ಎಇ-6015-ಇ ಎಂದಿದ್ದರೆ ಸಿ ಎಂದರೆ 1960ರ ದಶಕ, 5 ಎಂದರೆ 1965, ಎ ಎಂದರೆ ದೊಡ್ಡ ಫೋರ್ಡ್, ಇ ಎಂದರೆ ಎಂಜಿನ್ ವಿಭಾಗ, 6015 ಎಂದರೆ ಬ್ಲಾಕು. ಮಸ್ಟಾಂಗ್‌ನ ಅಕ್ಷರ ಝೆಡ್. ಎ ನೋಡಿದ ಕೂಡಲೇ "ಅಯ್ಯೋ, ದೊಡ್ಡ ಗ್ಯಾಲಕ್ಸಿ ಕಾರಿನ ಎಂಜಿನ್ ತಗುಲಿಹಾಕಿದ್ದಾರೆ" ಎಂದು ಎದೆ ಬಡಿದುಕೊಳ್ಳುವವರುಂಟು. ಆ ಅಕ್ಷರ ಹೇಳುವುದು ಭಾಗವನ್ನು ಮೊದಲು ಯಾವ ಕಾರಿಗೆಂದು ರೂಪಿಸಿದರು ಎನ್ನುವುದನ್ನು ಮಾತ್ರ. ತವರಿನ ಹೆಸರು ಅಷ್ಟೇ, ಗಂಡನ ಮನೆ ಬೇರೆಯಿರಬಹುದು.

ಕಾಗದಪತ್ರ ಬೇಕೆನ್ನುವವರ ಹಣೆಬರಹ ಬ್ರಾಂಡಿನ ಮೇಲೆ ನಿಂತಿದೆ. 1967ರಿಂದ ಈಚೆಗಿನ ಫೋರ್ಡ್ ಆದರೆ ಕಂಪನಿಯ ದತ್ತಾಂಶದಿಂದ ತೆಗೆದ ಮಾರ್ಟಿ ರಿಪೋರ್ಟ್ ದುಡ್ಡು ಕೊಟ್ಟರೆ ಸಿಗುತ್ತದೆ. 1965, 1966ರವರಿಗೆ ಆ ಭಾಗ್ಯವಿಲ್ಲ. ಜನರಲ್ ಮೋಟಾರ್ಸ್‌ನ ಹಲವು ಕಾರುಗಳಲ್ಲಿ ಬಿಲ್ಡ್ ಶೀಟ್ (ಆ ಕಾರಿಗೆ ಏನೇನು ಜೋಡಿಸಬೇಕೆಂದು ಹೇಳುವ ಕಾರ್ಖಾನೆಯ ಚೀಟಿ) ಪೆಟ್ರೋಲ್ ಟ್ಯಾಂಕಿನ ನೆತ್ತಿಯ ಮೇಲೆ, ಕ್ರೈಸ್ಲರ್ ಕಾರುಗಳಲ್ಲಿ ಹಿಂದಿನ ಸೀಟಿನ ಸ್ಪ್ರಿಂಗುಗಳ ಮಧ್ಯೆ ಸಿಗುವುದುಂಟು. ಈ ಸಂಗತಿ ನಮಗಿಂತ ಮೊದಲು ಇಲಿಗಳಿಗೆ ಗೊತ್ತಾಗಿದೆ. ಸೀಟಿನಡಿಯ ಇಲಿಗೂಡನ್ನು ವ್ಯಾಕ್ಯೂಮ್ ಕ್ಲೀನರಿಗೆ ತಿನ್ನಿಸುವ ಮೊದಲು ಕೈಯಿಂದ ಬಿಡಿಸಿ ನೋಡಿ. ಸೀಟಿನ ಬಣ್ಣದ ಕೋಡು ಇರುವ ಚೂರೇ ಅದರಲ್ಲಿ ಮೆತ್ತನೆ ಹಾಸಾಗಿರಬಹುದು.

ದಾಖಲೆಯ ವಿಷಯದಲ್ಲಿ ಫೋರ್ಡ್ ಕಂಪನಿಯೇನೂ ಸಾಚಾ ಅಲ್ಲ. 100001 ಎಂಬ ಮೊದಲ ಸರಣಿ ಸಂಖ್ಯೆಯ ಬಿಳಿ ಮಸ್ಟಾಂಗ್ ಪ್ರದರ್ಶನಕ್ಕೆಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೆ ಹೋಗಿತ್ತು. 1964ರಲ್ಲಿ ಅಲ್ಲಿನ ಅಂಗಡಿ ಅದನ್ನು ಸ್ಟ್ಯಾನ್ಲಿ ಟಕರ್ ಎಂಬ ವಿಮಾನ ಚಾಲಕರಿಗೆ ಮಾರಿಯೇಬಿಟ್ಟಿತು. ಫೋರ್ಡ್ ವಾಪಸ್ ಕೇಳಿದರೆ ಅವರು ಒಪ್ಪಲಿಲ್ಲ, ಎರಡು ವರ್ಷ ಓಡಿಸಿದರು. ಕೊನೆಗೆ 1966ರ ಹೊಚ್ಚ ಹೊಸ ಮಸ್ಟಾಂಗ್ ಕೊಟ್ಟು ಹಳೆಯದನ್ನು ಬಿಡಿಸಿಕೊಳ್ಳಬೇಕಾಯಿತು. ಈಗ ಅದು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ.

ಜಿಟಿ ಬಿಲ್ಲೆಯ ಕಥೆ ಚುಟುಕಾಗಿ: ಜಿಟಿ ಎಂಬ ವಿಶೇಷ ಸಲಕರಣೆಗಳ ಕಟ್ಟು ಬಂದದ್ದು 1965ರ ಏಪ್ರಿಲ್‌ನಲ್ಲಿ, ಅದೂ ಎ ಮತ್ತು ಕೆ ಕೋಡಿನ ಎಂಜಿನ್ನುಗಳಿಗೆ ಮಾತ್ರ. ಸಂಖ್ಯೆಯಲ್ಲಿ ಎಂಜಿನ್ನಿನ ಜಾಗಕ್ಕೆ ಸಿ ಅಥವಾ ಟಿ ಇದ್ದು ಮೈಮೇಲೆ ಜಿಟಿ ಇದ್ದರೆ, ಬಿಲ್ಲೆ ಮಾತ್ರ ಅಸಲಿ.

ಜಾತಕ ಮುಗಿಯಿತು, ಇನ್ನು ದೇಹಪರೀಕ್ಷೆ. ಬಾನೆಟ್ಟು ಮುಗಿದು ಗಾಜು ಶುರುವಾಗುವ ಕಡೆ ಗಾಳಿಗೆಂದು ಸೀಳುಗಳಿವೆ. ಒಂದು ಬಕೆಟ್ ನೀರನ್ನು ಅಲ್ಲಿ ನಿಧಾನವಾಗಿ ಸುರಿಯಿರಿ. ನೀರು ಎರಡೂ ಪಕ್ಕದಿಂದ ಕೆಳಗಿಳಿದು ನೆಲಕ್ಕೆ ಬಿದ್ದರೆ ನಿಮ್ಮ ಪೂರ್ವಜನ್ಮದ ಪುಣ್ಯ. ಒಳಗೆ ಕೂತವರ ಪಾದಪೂಜೆಯಾದರೆ ಕೌಲ್, ಅಂದರೆ ಆ ಸೀಳುಗಳ ಕೆಳಗಿನ ತಗಡಿನ ಪೆಟ್ಟಿಗೆ, ತುಕ್ಕು ಹಿಡಿದಿದೆ. ದಶಕಗಳ ಎಲೆ, ಕಸ ಆ ಪೆಟ್ಟಿಗೆಯಲ್ಲಿ ಕೂತು ತೇವ ಹಿಡಿದಿಟ್ಟು ತಗಡನ್ನು ತಿಂದಿರುತ್ತದೆ. ರಿಪೇರಿಗೆ ಮುಂದಿನ ಮಡ್‌ಗಾರ್ಡು, ಗಾಜು ತೆಗೆದು, ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಕೊರೆದು ಮೇಲಿನ ತಗಡು ಎತ್ತಬೇಕು. ಈ ಪರೀಕ್ಷೆಯನ್ನು ಹೊಸ ಕಾರ್ಪೆಟ್ ಹಾಸುವ ಮೊದಲು ಮಾಡಬೇಕು. ಮಾಡುವುದು ಮಾತ್ರ ಸಾಮಾನ್ಯವಾಗಿ ಹಾಸಿದ ಮೇಲೆ, ಮೊದಲ ಮಳೆಯ ದಿನ.

ಗೇಜುಗಳ ಮೇಲೂ ಕರುಣೆಯಿರಲಿ. ಬ್ಯಾಟರಿ 12 ವೋಲ್ಟಿನದಾದರೂ ಪೆಟ್ರೋಲ್ ಮತ್ತು ಬಿಸಿಯ ಮುಳ್ಳುಗಳಿಗೆ ಹೋಗುವುದು ಸರಾಸರಿ 5 ವೋಲ್ಟು. ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ಡಬ್ಬಿಯೊಂದು ಕರೆಂಟನ್ನು ಬಿಟ್ಟು ಬಿಟ್ಟು ಕೊಡುತ್ತದೆ. "ಗೇಜು ಕೆಲಸ ಮಾಡುತ್ತದಾ ನೋಡೋಣ" ಎಂದು ನೇರ ಬ್ಯಾಟರಿಯ ತಂತಿ ಮುಟ್ಟಿಸಿದರೆ ಖಂಡಿತ ಮಾಡುತ್ತದೆ. ಒಂದು ಸಲ.

ನಟ್ಟು ಬಿಚ್ಚುವಾಗ ತಾಳ್ಮೆ. ಮಸ್ಟಾಂಗ್ ಬಿಟ್ಟು 1960ರ ದಶಕದ ಡಾಜ್, ಪ್ಲಿಮತ್ ಸಿಕ್ಕಿದ್ದರೆ ಅವುಗಳ ಎಡಗಡೆಯ ಚಕ್ರಗಳ ನಟ್ಟು ಉಲ್ಟಾ ತಿರುಪಿನವು, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತವೆ. ಶ್ರೀರಂಗಪಟ್ಟಣದ ಬಳಿ ಬಲಮುರಿ, ಎಡಮುರಿ ಎರಡರಲ್ಲೂ ಮಿಂದು ಬಂದವರು ಕೂಡ ಇಲ್ಲಿ ಬಲಮುರಿಯನ್ನೇ ನಂಬಿ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಮೇಲೆ ಹತ್ತಿ ಕುಣಿದು ಸ್ಟಡ್ ಮುರಿಯುತ್ತಾರೆ. ಸ್ಟಡ್ಡಿನ ತುದಿಯಲ್ಲಿ ಎಲ್ ಅಕ್ಷರ ಕಂಡರೆ ನಿಲ್ಲಿ.

ಮಸ್ಟಾಂಗ್‌ನ 289 ಘನ ಅಂಗುಲದ ವಿ8 ಎಂಜಿನ್ ಜೋಡಿಸುವಾಗ ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನು ಮಧ್ಯದಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿ ಮಾಡಿ: 50, 60, ಕೊನೆಗೆ 65ರಿಂದ 72 ಫುಟ್-ಪೌಂಡ್. ಪ್ಲಗ್ ತಂತಿಗಳ ಕ್ರಮ 289ಕ್ಕೆ 1-5-4-2-6-3-7-8. ಷೆವರ್ಲೆ ವಿ8ದ್ದು 1-8-4-3-6-5-7-2. ಸಿಲಿಂಡರ್ ಎಣಿಸುವ ರೀತಿಯೂ ಬೇರೆ: ಫೋರ್ಡ್‌ನಲ್ಲಿ ಬಲಸಾಲು 1ರಿಂದ 4, ಎಡಸಾಲು 5ರಿಂದ 8, ಷೆವರ್ಲೆಯಲ್ಲಿ ಎಡಸಾಲಿಗೆ ಬೆಸ, ಬಲಸಾಲಿಗೆ ಸಮ. ಷೆವರ್ಲೆ ಬಲ್ಲ ಗೆಳೆಯರು ನೆರವಿಗೆ ಬಂದ ದಿನ ಕಾರ್ಬ್ಯುರೇಟರಿನಿಂದ ದೀಪಾವಳಿ. ಹೊಸ ಕ್ಯಾಮ್ (ವಾಲ್ವುಗಳನ್ನು ಎತ್ತುವ ಉಬ್ಬುಗಳಿರುವ ದಂಡ) ಹಾಕಿದ್ದರೆ ಮೊದಲ ಬಾರಿ ಹೊತ್ತಿದ ಕೂಡಲೇ 2000 ಆರ್‌ಪಿಎಂ ಆಸುಪಾಸಿನಲ್ಲಿ 20 ನಿಮಿಷ ಓಡಿಸಬೇಕು, ಸತು ಹೆಚ್ಚಿರುವ ಎಣ್ಣೆ ಹಾಕಿ. ಐಡಲ್‌ನಲ್ಲಿ ಬಿಟ್ಟು "ಆಹಾ, ಎಂಥ ಸದ್ದು" ಎಂದು ಕಣ್ಣು ಮುಚ್ಚಿದರೆ ಕ್ಯಾಮಿನ ಉಬ್ಬುಗಳು ಸವೆದು ಹೋಗುತ್ತವೆ. ಆ 20 ನಿಮಿಷಕ್ಕೆ ಭಾನುವಾರ ಬೆಳಗಿನ ಆರು ಗಂಟೆ ಆರಿಸಿಕೊಳ್ಳಬೇಡಿ, ನೆರೆಹೊರೆಯವರಿಗೂ ಜಾತಕ ಬರೆಯಲು ಬರುತ್ತದೆ.

ಇಷ್ಟೆಲ್ಲ ಮಾಡಿ ಹಳೆಯ ಕಾರುಗಳ ಸ್ಪರ್ಧೆಗೆ ಒಯ್ದರೆ ತೀರ್ಪುಗಾರರು ಅಂಕ ಕಳೆಯುತ್ತಾರೆ. ಯಾಕೆ? ಕಾರು ತುಂಬ ಚೆನ್ನಾಗಿದೆ! ಬಾಗಿಲ ಸಂದು ಎಲ್ಲ ಕಡೆ ಸಮ, ಬಣ್ಣ ಕನ್ನಡಿ. ಕಾರ್ಖಾನೆಯಲ್ಲಿ ಬಣ್ಣಕ್ಕೆ ಕಿತ್ತಳೆ ಸಿಪ್ಪೆಯ ಒರಟಿತ್ತು, ಸದ್ದಡಗಿಸುವ ಕಪ್ಪು ಲೇಪ (ಸೌಂಡ್ ಡೆಡ್‌ನರ್) ಎರಚಾಡಿತ್ತು, ತಪಾಸಣೆ ಮಾಡಿದವರು ಸೀಮೆಸುಣ್ಣ, ಕ್ರೇಯಾನ್‌ಗಳಲ್ಲಿ ಗೀಚಿದ್ದರು. ಅಂದು ಒಬ್ಬರು ಕೆಲವೇ ಸೆಕೆಂಡಿನಲ್ಲಿ ಅಸಡ್ಡೆಯಿಂದ ಮಾಡಿದ ಕೆಲಸವನ್ನು ಇಂದು ಫೋಟೊ ಇಟ್ಟುಕೊಂಡು ವಾರಗಟ್ಟಲೆ ಅಭ್ಯಾಸ ಮಾಡಬೇಕು. ಬ್ರೇಕಿನಲ್ಲೂ ಇದೇ ಶಾಸ್ತ್ರ. 1965ರ ಕಾರಿನ ಬ್ರೇಕಿಗೆ ಒಂದೇ ಸರ್ಕ್ಯೂಟ್, ಒಂದು ಪೈಪು ಒಡೆದರೆ ನಾಲ್ಕೂ ಚಕ್ರಕ್ಕೆ ಸೊನ್ನೆ. 1967ರ ಮಾದರಿಯಿಂದ ಎರಡಾಯಿತು. ಆ ಎರಡರದ್ದನ್ನು ಹಾಕಿಸಿದರೆ ಅಂಕ ಹೋಗುತ್ತದೆ. ರಸ್ತೆಗೆ ಇಳಿಸುವ ಕಾರಾದರೆ ಅಂಕ ಹೋಗಲಿ ಬಿಡಿ, ಹಾಕಿಸಿ.

ಗೀಚು ಬರೆಯುವುದಕ್ಕೆ ಕೊನೆಯದೊಂದು ಕಿವಿಮಾತು. ಹಳೆಯ ಬಣ್ಣ ಕೆರೆಯುವ ಮೊದಲು ಅಡಿಭಾಗದ ಫೋಟೊ ತೆಗೆದು, ಯಾವ ಗೀಚು ಎಲ್ಲಿ, ಯಾವ ಬಣ್ಣದಲ್ಲಿತ್ತು ಎಂದು ಅಳತೆ ಸಮೇತ ಬರೆದಿಟ್ಟುಕೊಳ್ಳಿ. ಆಮೇಲೆ ಮತ್ತೆ ಬರೆಯುವಾಗ ನಿಮ್ಮ ಕೈಯಿಂದ ಬೇಡ, ಅಕ್ಷರ ಮುದ್ದಾಗಿ ಬಂದುಬಿಡುತ್ತದೆ. ಶಾಲೆಗೆ ತಡವಾಗಿ ಹೊರಟಿರುವ ಮಗುವಿನ ಕೈಗೆ ಹಳದಿ ಕ್ರೇಯಾನ್ ಕೊಡಿ.