ರಾತ್ರಿ ಹಲ್ಲು ಕಡಿಯುವ ಮಕ್ಕಳು ಮತ್ತು ನಿದ್ದೆಗೆಟ್ಟ ನಾವು

ಕನ್ನಡದಲ್ಲಿ ಹಲ್ಲು ಕಡಿಯುವುದು, ಹಲ್ಲು ಮಸೆಯುವುದು ಅಂದರೆ ಸಿಟ್ಟು, ಸೇಡು. ಅದಕ್ಕೇ ಇರಬೇಕು, ಐದು ವರ್ಷದ ಮಗಳು ನಡುರಾತ್ರಿ ಕರಕರ ಅಂತ ಹಲ್ಲು ಕಡಿಯಲು ಶುರುಮಾಡಿದಾಗ ನನಗೆ ಮೊದಲು ಹೊಳೆದದ್ದು 'ಇವಳಿಗೆ ಯಾರ ಮೇಲೆ ಇಷ್ಟು ಕೋಪ?' ಅಂತ. ಸ್ಕೂಲಲ್ಲಿ ಯಾರಾದರೂ ಬೈದರಾ? ನಾನೇ ಜಾಸ್ತಿ ಗದರಿಬಿಟ್ಟೆನಾ? ಜಲ್ಲಿಕಲ್ಲು ತುಳಿದಂಥ ಆ ಸದ್ದು ಕೇಳುತ್ತಾ ಕತ್ತಲಲ್ಲಿ ಮಲಗಿದರೆ ಎಂಥ ತಾಯಿಗೂ ತಪ್ಪೆಲ್ಲ ತನ್ನದೇ ಅನ್ನಿಸುತ್ತೆ.

"ಹೊಟ್ಟೇಲಿ ಜಂತುಹುಳ ಇರ್ಬೇಕು ಕಣಮ್ಮ, ಔಷಧಿ ಕೊಡ್ಸು" ಅಂದರು ಅತ್ತೆ. ಅದೇ ಉಸಿರಲ್ಲಿ, "ಚಿಕ್ಕವನಿದ್ದಾಗ ನಿನ್ನ ಗಂಡನೂ ಹೀಗೇ ಕಡೀತಿದ್ದ" ಅಂತಲೂ ಸೇರಿಸಿದರು. ಹುಳದಿಂದ ಹಲ್ಲು ಕಡಿಯುತ್ತಾರೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಮನೆತನದಲ್ಲಿ ಬರುತ್ತೆ ಅನ್ನುವುದಕ್ಕೆ ಇದೆ. ಅತ್ತೆಯ ಎರಡನೇ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ನಾನು ಮಾಡಿದ್ದೆಲ್ಲ ಎಡವಟ್ಟೇ. ಸದ್ದು ಬಂದಾಗಲೆಲ್ಲ ಭುಜ ಅಲ್ಲಾಡಿಸಿ ಎಬ್ಬಿಸಿದೆ. ಬೆಳಿಗ್ಗೆ ಎದ್ದ ತಕ್ಷಣ "ರಾತ್ರಿಯೆಲ್ಲ ಕಡಿದೆಯಲ್ಲೇ ಪುಟ್ಟಿ" ಅಂತ ವಿಚಾರಣೆ. ಒಂದು ವಾರಕ್ಕೆ ಮಗು "ಅಮ್ಮಾ, ಮಲಗಿದ್ರೆ ಕಡೀತೀನಿ, ಮಲಗಲ್ಲ" ಅಂತ ಅಳತೊಡಗಿತು. ಆಮೇಲೆ ಆನ್‌ಲೈನಲ್ಲಿ, ಹಲ್ಲು ಸವೆಯದಿರಲಿ ಅಂತ ಬಿಸಿನೀರಲ್ಲಿ ಮೆತ್ತಗೆ ಮಾಡಿ ಹಲ್ಲಿಗೆ ಒತ್ತುವ ಗಾರ್ಡ್ ತರಿಸಿದೆ. ಹಲ್ಲಿನ ಡಾಕ್ಟರು ಅದನ್ನು ನೋಡಿ ಪಕ್ಕಕ್ಕಿಟ್ಟರು. ದವಡೆ ಬೆಳೆಯುತ್ತಿದೆ, ಹಾಲುಹಲ್ಲು ಬೀಳುವ ಕಾಲ, 6ರ ಆಸುಪಾಸಿಗೆ ಹಿಂದೆ ದೊಡ್ಡ ದವಡೆಹಲ್ಲು ಬೇರೆ ಬರುತ್ತೆ. ಇವತ್ತು ಸರಿಹೊಂದುವ ಗಾರ್ಡ್ ಇನ್ನು ಸ್ವಲ್ಪ ದಿನಕ್ಕೆ ಬಿಗಿಯಾಗುತ್ತೆ, ಬರುವ ಹಲ್ಲಿಗೆ ಅಡ್ಡ ಕೂರುತ್ತೆ ಅಂದರು.

ಅವತ್ತು ಅವರು ವಿವರಿಸಿದ್ದು ನನ್ನ ತಲೆಯಲ್ಲಿ ಇನ್ನೂ ಇದೆ. ನಿದ್ದೆಯ ನಡುವೆ ಮಿದುಳು ಆಗಾಗ ಕೆಲವೇ ಸೆಕೆಂಡು ಅರೆ ಎಚ್ಚರವಾಗುತ್ತೆ. ಆಗ ಮೊದಲು ಎದೆಬಡಿತ ಏರುತ್ತೆ, ಅದರ ಬೆನ್ನಿಗೇ ದವಡೆಯ ಸ್ನಾಯು ಬಿಗಿಯುತ್ತೆ. ಮಗುವಿಗೆ ಇದರ ಸುಳಿವೇ ಇರುವುದಿಲ್ಲ. ಹಾಗಿದ್ದ ಮೇಲೆ ನನ್ನ ಬೆಳಗಿನ ವಿಚಾರಣೆಗೆ ಅವಳು ಏನಂತ ಉತ್ತರ ಕೊಟ್ಟಾಳು? ಡಾಕ್ಟರುಗಳು ಇದಕ್ಕೆ ಬ್ರಕ್ಸಿಸಂ ಅನ್ನುತ್ತಾರೆ. ಬೇರೆ ತೊಂದರೆ ಇಲ್ಲದವರಲ್ಲಿ ಇದನ್ನು ಕಾಯಿಲೆ ಅನ್ನಬೇಕಿಲ್ಲ, ಸ್ನಾಯುವಿನ ಒಂದು ವರ್ತನೆ ಅಷ್ಟೇ ಎಂದು 2018ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಹೇಳಿದ್ದಾರೆ. ಹೆಚ್ಚಿನ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ತಾನಾಗಿ ನಿಲ್ಲುತ್ತೆ.

'ಬಿಡಿ, ದೊಡ್ಡವಳಾದಂತೆ ಸರಿಹೋಗುತ್ತೆ.' ಮಗಳ ಮಟ್ಟಿಗೆ ಈ ಮಾತು ನಿಜವಾಯಿತು. ಆದರೆ ಇದೇ ಮಾತು ನಂಬಿ ಮಗನ ವಿಷಯದಲ್ಲಿ ಒಂದು ವರ್ಷ ಕಳೆದುಬಿಟ್ಟೆ.

ಅವನು ನಾಲ್ಕನೇ ವರ್ಷಕ್ಕೆ ಕಡಿಯಲು ಶುರುಮಾಡಿದಾಗ ನಾನು ಅನುಭವಸ್ಥೆ! ತಲೆಯೇ ಕೆಡಿಸಿಕೊಳ್ಳಲಿಲ್ಲ. ಒಂದು ಸಲ ಜ್ವರ ಬಂದು ರಾತ್ರಿಯಿಡೀ ಅವನ ಪಕ್ಕ ಕೂತಾಗ ಗೊತ್ತಾಯಿತು. ಬಾಯಿ ತೆರೆದೇ ಇದೆ, ಕತ್ತು ಹಿಂದಕ್ಕೆ ಚಾಚಿದೆ, ಗೊರಕೆ. ಗೊರಕೆ ಒಮ್ಮೆಲೇ ನಿಲ್ಲುತ್ತೆ, ಮೌನ, ಗಕ್ಕನೆ ಉಸಿರೆಳೆದು ಹೊರಳುತ್ತಾನೆ, ಆಮೇಲೆ ಕರಕರ. ಜ್ವರ ಇಳಿದ ಮೇಲೂ ಅದೇ. ಎರಡು ನಿಮಿಷದ ವಿಡಿಯೋ ಮಾಡಿ ಮಕ್ಕಳ ಡಾಕ್ಟರಿಗೆ ತೋರಿಸಿದೆ, ಅವರು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಕಳಿಸಿದರು. ಮೂಗಿನ ಹಿಂದೆ ಇರುವ ಅಡಿನಾಯ್ಡ್ ಅನ್ನುವ ಮೆತ್ತನೆ ಮಾಂಸ ಊದಿಕೊಂಡಿತ್ತು, ಟಾನ್ಸಿಲ್ ಕೂಡ. ಆಪರೇಷನ್ ಆದ ಮೇಲೆ ಗೊರಕೆ ಹೋಯಿತು, ಕಡಿಯುವುದೂ ಬಹುಪಾಲು ನಿಂತಿತು. ಎಲ್ಲ ಮಕ್ಕಳಲ್ಲೂ ಹೀಗೇ ಆಗುತ್ತೆ ಅಂತಲ್ಲ. ಆದರೆ ಹಗಲಲ್ಲಿ ಸಿಡಿಮಿಡಿ, ಒಂದು ಕಡೆ ಕೂರಲ್ಲ ಅಂತ ಅವನಿಗೆ 'ತಂಟೆಕೋರ' ಪಟ್ಟ ಕಟ್ಟಿದ್ದೆವಲ್ಲ, ಪಾಪ, ಅವನಿಗೆ ಇದ್ದದ್ದು ನಿದ್ದೆಯ ಬಾಕಿ.

ಅದಕ್ಕೇ ಈಗ ಯಾರು ಕೇಳಿದರೂ ನಾನು ಹಲ್ಲಿನ ಮಾತು ಆಮೇಲೆ ಎತ್ತುತ್ತೇನೆ. ಮೊದಲು ಉಸಿರು ಹೇಗಿದೆ ಅಂತ ಕೇಳುತ್ತೇನೆ. ಗೊರಕೆ ಇಲ್ಲದಿದ್ದರೂ ಬೆಳಿಗ್ಗೆ ದವಡೆ ನೋವು, ಕಣತಲೆಯ ಹತ್ತಿರ ತಲೆನೋವು, ತಣ್ಣೀರು ಕುಡಿದರೆ ಜುಮ್ಮೆನ್ನುವುದು, ಹಲ್ಲಿನ ಚೂರು ಹೋಗಿರುವುದು ಇದ್ದರೆ ತೋರಿಸಬೇಕು. ಗಮನದ ಕೊರತೆಗೋ ಖಿನ್ನತೆಗೋ ಹೊಸ ಮಾತ್ರೆ ಶುರುವಾದ ಮೇಲೆ ಕಡಿಯಲು ತೊಡಗಿದರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ. ಮೆಗ್ನೀಸಿಯಂ ಸಿರಪ್ಪು ಕೊಡಿ ಅಂತ ವಾಟ್ಸಾಪಲ್ಲಿ ಬರುವುದನ್ನು ಅಲ್ಲೇ ಬಿಡಿ.

ಮಗಳಿಗೆ ನಾವು ಕೊನೆಗೆ ಮಾಡಿದ್ದು ಎರಡೇ. 6ರಿಂದ 12ರ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಅವಳಿಗೆ ಎಂಟೂ ಸಿಗುತ್ತಿರಲಿಲ್ಲ. ಮಲಗುವ ಒಂದು ಗಂಟೆ ಮುಂಚೆ ಮೊಬೈಲು ಟಿವಿ ಬಂದ್ ಮಾಡಿ ಬೇಗ ಮಲಗಿಸಿದೆವು. ಬೆಳಗಿನ ವಿಚಾರಣೆ ನಿಲ್ಲಿಸಿದೆ. ಅದರಿಂದಲೇ ಕಡಿಮೆಯಾಯಿತು ಅಂತ ಎದೆ ತಟ್ಟಿ ಹೇಳಲಾರೆ, ವಯಸ್ಸೂ ಅಷ್ಟಾಗಿತ್ತು.

ಈಗ ಅವಳಿಗೆ ಹನ್ನೊಂದು. ಮೊನ್ನೆ ಪರೀಕ್ಷೆಯ ಹಿಂದಿನ ರಾತ್ರಿ ಮತ್ತೆ ಕರಕರ ಕೇಳಿಸಿತು. ಎದ್ದು ಹೋಗಿ ನೋಡಿದೆ. ಬಾಯಿ ಮುಚ್ಚಿತ್ತು, ಉಸಿರು ಸಲೀಸಾಗಿ ಹೋಗಿಬರುತ್ತಿತ್ತು. ಹೊದಿಕೆ ಸರಿಮಾಡಿ ವಾಪಸ್ ಬಂದರೆ, ನಮ್ಮ ರೂಮಲ್ಲಿ ಇವರು ಕಡಿಯುತ್ತಿದ್ದರು.